ಸೋಲಿಂಗೆನ್‌ನ 5/8 ಕ್ಷೌರದ ಕತ್ತಿ: ಕೊಡಗಿನ ನೀರಿಗೆ ಸೈ, ಮಳೆಗೆ ಜೋಪಾನ

ಡೋವೋ ಕಂಪನಿಯ ‘ಬೆಸ್ಟ್ ಕ್ವಾಲಿಟಿ’ 5/8 ಕತ್ತಿ ಕೊಳ್ಳಬಹುದಾದ ಒಳ್ಳೆಯ ಕತ್ತಿ. ಆದರೆ ಕತ್ತಿಯೊಂದನ್ನೇ ತಂದು ಮುಗಿಯಿತು ಅಂದುಕೊಳ್ಳುವವರು ಕೊಳ್ಳದಿರುವುದೇ ಲೇಸು. ಅದರ ಜೊತೆಗೆ ಕ್ಷೌರಕ್ಕೆ ಮುಂಚೆ ಬಾಯಿ ತೀಡಲು ಒಳ್ಳೆಯ ಚರ್ಮದ ಪಟ್ಟಿ ಬೇಕು, ನುಣುಪಾದ ಸಾಣೆಕಲ್ಲು ಬೇಕು. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲ ಕತ್ತಿಯನ್ನು ಒರೆಸಿ ಎಣ್ಣೆ ಹಚ್ಚಿಡುವ ತಾಳ್ಮೆಯೂ ಬೇಕು. ಇಷ್ಟಕ್ಕೆ ಒಪ್ಪಿದವರಿಗೆ ಇದು ವರ್ಷಗಟ್ಟಲೆ ಬರುತ್ತದೆ.

ಸೋಲಿಂಗೆನ್ ಜರ್ಮನಿಯ ಊರು. ಕತ್ತಿ, ಚಾಕು, ಕತ್ತರಿಗೆ ಹೆಸರಾದದ್ದು. ಆ ಊರಿನ ಸೀಮೆಯಲ್ಲಿ ತಯಾರಾಗದ ಅಲಗಿಗೆ ‘ಸೋಲಿಂಗೆನ್’ ಎಂದು ಮುದ್ರೆ ಒತ್ತುವಂತಿಲ್ಲವೆಂದು 1938ರಿಂದಲೇ ಅಲ್ಲಿ ಕಾನೂನಿದೆ. ಡೋವೋ ಅದೇ ಊರಿನಲ್ಲಿ 1906ರಲ್ಲಿ ಶುರುವಾದ ಕಂಪನಿ. ಆನ್‌ಲೈನ್‌ನಲ್ಲಿ ಮುನ್ನೂರು, ನಾನೂರು ರೂಪಾಯಿಗೆ ಸಿಗುವ, ಥಳಥಳ ಹೊಳೆಯುವ ‘ಕತ್ತಿ’ಗಳಿವೆಯಲ್ಲ, ಅವು ಕತ್ತಿಯ ಆಕಾರದ ಉಕ್ಕಿನ ತುಂಡುಗಳು. ಎಷ್ಟು ಮಸೆದರೂ ಅವುಗಳ ಬಾಯಿ ನಿಲ್ಲುವುದಿಲ್ಲ. ಅದರಲ್ಲಿ ಕೈ ಪಳಗಿಸಿಕೊಂಡು ಆಮೇಲೆ ಒಳ್ಳೆಯದನ್ನು ಕೊಳ್ಳುತ್ತೇನೆ ಅನ್ನುವುದು ತಲೆಕೆಳಗಾದ ಲೆಕ್ಕ. ತಪ್ಪು ಕೈಯದೋ ಕತ್ತಿಯದೋ ಎಂಬುದೇ ಅದರಲ್ಲಿ ಗೊತ್ತಾಗುವುದಿಲ್ಲ.

5/8 ಅಂದರೆ ಬೆನ್ನಿನಿಂದ ಬಾಯಿಯವರೆಗೆ ಅಲಗಿನ ಅಗಲ, ಇಂಚಿನ ಎಂಟನೇ ಭಾಗಗಳ ಲೆಕ್ಕದಲ್ಲಿ. ಸುಮಾರು 16 ಮಿಲಿಮೀಟರ್. ಹೊಸಬರಿಗೆ ಇದೇ ಸರಿಯಾದ ಅಳತೆ. 4/8 ತೀರಾ ಸಣಕಲು, ನೊರೆ ಬೇಗ ತುಂಬಿಕೊಳ್ಳುತ್ತದೆ. 7/8 ಮೂಗಿನ ಕೆಳಗೆ ತಿರುಗುವುದಿಲ್ಲ. ಅಲಗಿನ ಎರಡೂ ಬದಿಯನ್ನು ಒಳಕ್ಕೆ ಬಾಗಿದಂತೆ ಕೊರೆದಿರುತ್ತಾರೆ. ಇದಕ್ಕೆ ಫುಲ್ ಹಾಲೋ ಅನ್ನುತ್ತಾರೆ. ಹಾಗಾಗಿ ಬಾಯಿಯ ಹತ್ತಿರ ಉಕ್ಕು ಬಹಳ ತೆಳು. ಕೂದಲು ಕತ್ತರಿಸುವಾಗ ಸಣ್ಣಗೆ ಸದ್ದು ಬರುತ್ತದೆ. ಆ ಸದ್ದಿಗೆ ಕಿವಿ ಕೊಡಿ. ಸರಸರ ಎಂದು ಒಂದೇ ಸಮ ಕೇಳಿಸಿದರೆ ಕೋನ ಸರಿ ಇದೆ, ತಡೆದು ತಡೆದು ಕೇಳಿಸಿದರೆ ಕೋನ ಕೆಟ್ಟಿದೆ ಅಥವಾ ನೊರೆ ಒಣಗಿದೆ. ತುದಿ ದುಂಡಗಿರುವುದು ಇನ್ನೊಂದು ಅನುಕೂಲ. ಚೂಪು ಮೂಲೆಯ ಕತ್ತಿ ಕಿವಿಯ ಬುಡದಲ್ಲಿ, ತುಟಿಯ ಕೊನೆಯಲ್ಲಿ ಕಚ್ಚಿಯೇ ಕಚ್ಚುತ್ತದೆ.

ಹಿಡಿ ಕಪ್ಪು ಪ್ಲಾಸ್ಟಿಕ್. ನೋಡಲು ಸಾಧಾರಣ, ನಿಜ. ಆದರೆ ಕೊಡಗಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮರದ ಹಿಡಿ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಿಡಿ ಸ್ವಲ್ಪ ತಿರುಚಿಕೊಂಡರೂ ಸಾಕು, ಮಡಚುವಾಗ ಅಲಗಿನ ಬಾಯಿ ಹಿಡಿಯ ಒಳಬದಿಗೆ ತಾಗಿ ಹಾಳಾಗುತ್ತದೆ. ಕೊಂಬಿನ ಹಿಡಿಗೂ ಇದೇ ಕಾಟ, ಜೊತೆಗೆ ಹುಳ ಬೇರೆ. ಚಂದಕ್ಕೆಂದು ಹೆಚ್ಚು ದುಡ್ಡು ಕೊಟ್ಟು ಅವನ್ನು ತರಬೇಡಿ. ಆ ದುಡ್ಡನ್ನು ಪಟ್ಟಿಗೆ ಹಾಕಿ.

ಕತ್ತಿ ಬಂದ ಕೂಡಲೇ ಕೆನ್ನೆಗೆ ಇಡುವ ಆತುರ ಬೇಡ. ಯಾವ ಕಂಪನಿಯದೇ ಆಗಲಿ, ಕಾರ್ಖಾನೆಯ ಹರಿತ ಎಲ್ಲ ಕತ್ತಿಯಲ್ಲೂ ಒಂದೇ ಸಮ ಇರುವುದಿಲ್ಲ. ತಲೆಗೂದಲೊಂದನ್ನು ಬುಡದ ಕಡೆಯಿಂದ ಹಿಡಿದು, ಎರಡು ಸೆಂಟಿಮೀಟರ್ ಹೊರಗೆ ಬಿಟ್ಟು, ಮೇಲೆ ಮಾಡಿ ಹಿಡಿದ ಕತ್ತಿಯ ಬಾಯಿಗೆ ಮೆಲ್ಲಗೆ ತಾಗಿಸಿ. ಎಳೆಯದೆ, ಒತ್ತದೆ ತುಂಡಾದರೆ ಸರಿ. ಬುಡ, ನಡು, ತುದಿ ಮೂರು ಕಡೆಯೂ ನೋಡಿ. ಒಂದು ಕಡೆ ತುಂಡಾಗಿ ಇನ್ನೊಂದು ಕಡೆ ಬಾಗಿದರೆ, ಬಳಸುವ ಮೊದಲು ಬಲ್ಲವರ ಕೈಯಲ್ಲಿ ಮಸೆಸಬೇಕು. ಮೊದಲ ಸಲದ ಮಸೆತವನ್ನು ನೀವೇ ಮಾಡಲು ಹೋಗಬೇಡಿ. ಮನೆಯಲ್ಲಿ ತೋಟದ ಕತ್ತಿ ಮಸೆಯುವ ಒರಟು ಕಲ್ಲಿಗಂತೂ ತೋರಿಸಲೇಬೇಡಿ. ಕಾಡು ಸವರುವ ಕತ್ತಿಯ ಬಾಯಿ ದಪ್ಪ, ಅದಕ್ಕೆ ಆ ಕಲ್ಲು ಸರಿ. ಇದರ ಬಾಯಿಗೆ ಅದರ ಎರಡು ಎಳೆತ ಬಿದ್ದರೆ ಸರಿಪಡಿಸಲು ಗಂಟೆಗಟ್ಟಲೆ ಕೂರಬೇಕು.

ಇನ್ನು ಚರ್ಮದ ಪಟ್ಟಿ. ಅಗಲ ಎರಡೂವರೆಯಿಂದ ಮೂರು ಇಂಚು, ಹಿಂಬದಿಯಲ್ಲಿ ದಪ್ಪ ಬಟ್ಟೆಯ ಪಟ್ಟಿ ಇರುವುದನ್ನೇ ತನ್ನಿ. ಅಗಲ ಕಡಿಮೆ ಇದ್ದರೆ ಪ್ರತಿ ಎಳೆತದಲ್ಲೂ ಕತ್ತಿಯನ್ನು ಓರೆಯಾಗಿ ಸರಿಸಬೇಕಾಗುತ್ತದೆ, ಹೊಸಬರಿಗೆ ಅದು ಕಷ್ಟ. ಕಿಟಕಿಯ ಸರಳಿಗೆ ಸೊಂಟದ ಎತ್ತರಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಪಟ್ಟಿಗೆ ತಾಗಿರಬೇಕು. ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದಿನಿಂದ ಬರಬೇಕು. ಕೊನೆ ಮುಟ್ಟಿದ ಮೇಲೆ ಕೈ ನಿಲ್ಲಿಸಿ, ಬೆನ್ನನ್ನು ಪಟ್ಟಿಯಿಂದ ಎತ್ತದೆ ಅದರ ಮೇಲೆಯೇ ಹೊರಳಿಸಿ, ವಾಪಸ್ ಎಳೆಯಿರಿ. ಹೋಗಿ ಬಂದದ್ದು ಒಂದು ಲೆಕ್ಕ. ಕ್ಷೌರಕ್ಕೆ ಮುಂಚೆ ಬಟ್ಟೆಯ ಮೇಲೆ 20, ಚರ್ಮದ ಮೇಲೆ 40ರಿಂದ 50.

ಕೆಡುವುದು ಇಲ್ಲಿಯೇ. ಕತ್ತಿ ಹರಿತ ಕಳೆದುಕೊಂಡಿತು ಎಂದು ದೂರುವವರಲ್ಲಿ ಹೆಚ್ಚಿನವರ ಕತ್ತಿ ಗಡ್ಡದಿಂದ ಕೆಟ್ಟದ್ದಲ್ಲ, ಪಟ್ಟಿಯಿಂದ ಕೆಟ್ಟದ್ದು. ಪಟ್ಟಿ ಸಡಿಲವಾದರೆ ಚರ್ಮ ಬಾಯಿಯ ಸುತ್ತ ಬಾಗಿಕೊಂಡು ಅದನ್ನು ದುಂಡಗೆ ಮಾಡಿಬಿಡುತ್ತದೆ. ಹೊರಳಿಸುವ ಮೊದಲೇ ದಿಕ್ಕು ಬದಲಿಸಿದರೆ ಬಾಯಿ ಚರ್ಮಕ್ಕೆ ಕಚ್ಚಿ ಪಟ್ಟಿಯೂ ಸೀಳುತ್ತದೆ, ಬಾಯಿಯೂ ಮಡಚಿಕೊಳ್ಳುತ್ತದೆ. ಬೆನ್ನು ಒಂದು ಕೂದಲೆಳೆಯಷ್ಟು ಎದ್ದರೂ ಹರಿತ ಹೋಯಿತು. ವೇಗ ತಾನಾಗಿ ಬರುತ್ತದೆ, ಬರದಿದ್ದರೂ ನಷ್ಟವಿಲ್ಲ. ಮೊದಲ ತಿಂಗಳು ಒಂದೊಂದು ಎಳೆತಕ್ಕೂ ಒಂದು ಉಸಿರಿನಷ್ಟು ಹೊತ್ತು ಕೊಡಿ. ಆರಂಭಕ್ಕೆ ಅಗ್ಗದ ಪಟ್ಟಿ ಸಾಕು ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ, ಏಕೆಂದರೆ ಮೊದಲ ಪಟ್ಟಿಗೆ ಗೀರು ಬೀಳುವುದು ಖಂಡಿತ. ನನಗೆ ಅದು ಒಪ್ಪಿಗೆಯಿಲ್ಲ. ಅಗ್ಗದ ಪಟ್ಟಿ ಒಂದೇ ಸಮ ದಪ್ಪ ಇರುವುದಿಲ್ಲ, ಅದರ ಮೇಲೆ ಕೈ ತಪ್ಪನ್ನೇ ಕಲಿಯುತ್ತದೆ. ಸಣ್ಣ ಗೀರು ಬಿದ್ದರೆ ನುಣುಪಾದ ಉಪ್ಪುಕಾಗದದಿಂದ ತೀಡಿ ಸಮ ಮಾಡಬಹುದು.

ಕೊಡಗಿನವರಿಗೆ ನಿಜವಾದ ಅನುಕೂಲ ನೀರಿನದು. ಇಲ್ಲಿನ ತೊರೆ, ಒರತೆ, ಬಾವಿಯ ನೀರು ಹೆಚ್ಚಾಗಿ ಮೆದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಗಸಿಯಾಗುತ್ತವೆ, ನೊರೆ ಒಡೆಯುತ್ತದೆ. ಮೆದು ನೀರಿನಲ್ಲಿ ಆ ತಾಪತ್ರಯ ಇಲ್ಲ. ಸುಮಾರು 1 ಗ್ರಾಂ ಕ್ರೀಮು, ಇಲ್ಲವೇ ಗಟ್ಟಿ ಶೇವಿಂಗ್ ಸೋಪಿನ ಮೇಲೆ ಒದ್ದೆ ಬ್ರಶ್ಶನ್ನು ಅರ್ಧ ನಿಮಿಷ ತಿರುಗಿಸಿದಷ್ಟು ಸಾಕು. ಬೋರ್‌ವೆಲ್ ನೀರು ಗಡಸಾಗಿರುವ ಮನೆಯವರು ನೊರೆಗೆ ಮಾತ್ರ ಹಿಡಿದಿಟ್ಟ ಮಳೆನೀರನ್ನು ಬಳಸಿ ನೋಡಿ, ಅಂತರ ಕೈಗೇ ತಿಳಿಯುತ್ತದೆ. ಒತ್ತಿದರೆ ಬುಸ್ಸೆಂದು ಬರುವ ಡಬ್ಬಿ ನೊರೆ ಈ ಕತ್ತಿಗೆ ಆಗುವುದಿಲ್ಲ. ಅದರಲ್ಲಿ ಗಾಳಿಯೇ ಹೆಚ್ಚು, ಜಾರಿಕೆ ಕಡಿಮೆ.

ನೊರೆಯ ಹದ ಸೇಫ್ಟಿ ರೇಜರ್‌ಗೆ ಮಾಡುವುದಕ್ಕಿಂತ ನೀರಾಗಿರಬೇಕು, ಕಡೆದ ತೆಳು ಮೊಸರಿನ ಹಾಗೆ. ದಪ್ಪನೆ ಬೆಳ್ಳಗೆ ಗುಡ್ಡೆಯಾಗಿ ನಿಂತ ನೊರೆ ಕಣ್ಣಿಗೆ ಚಂದ, ಕತ್ತಿಗೆ ಕೇಡು. ಅಲಗಿನ ಮೇಲೆ ರಾಶಿ ಬೀಳುತ್ತದೆ, ಬಾಯಿ ಎಲ್ಲಿ ತಾಗುತ್ತಿದೆ ಎಂದು ಕಾಣಿಸುವುದಿಲ್ಲ. ಬ್ರಶ್ಶಿನ ತುದಿಯನ್ನು ಬಿಸಿನೀರಿಗೆ ಮುಟ್ಟಿಸಿ ಎರಡು ಮೂರು ಸಲ ನೀರು ಸೇರಿಸುತ್ತ ಹೋಗಿ. ಗುಳ್ಳೆಗಳೆಲ್ಲ ಮಾಯವಾಗಿ ಹೊಳಪು ಬಂದಾಗ ನಿಲ್ಲಿಸಿ. ಕೂದಲು ನೀರು ಕುಡಿದು ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು. ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮುಗಿಸಿ, ಮುಖ ಒರೆಸಿಕೊಳ್ಳದೆ ನೊರೆ ಹಚ್ಚುವುದೇ ಎಲ್ಲಕ್ಕಿಂತ ಒಳ್ಳೆಯ ಕ್ರಮ. ಡಿಸೆಂಬರ್, ಜನವರಿಯ ಚಳಿಯಲ್ಲಿ ನೊರೆಯೂ ಬೇಗ ಆರುತ್ತದೆ, ಆದ್ದರಿಂದ ಇಡೀ ಮುಖಕ್ಕೆ ಒಮ್ಮೆಲೇ ಹಚ್ಚದೆ ಒಂದೊಂದು ಬದಿಗೆ ಹಚ್ಚಿಕೊಳ್ಳಿ.

ಹಿಡಿಯುವ ರೀತಿ: ಅಲಗು ಮತ್ತು ಹಿಡಿಯ ನಡುವಿನ ಗಿಡ್ಡ ಕಾಂಡದ ಕೆಳಗೆ ಹೆಬ್ಬೆರಳು, ಮೇಲೆ ಮೂರು ಬೆರಳು, ಬಾಗಿದ ಬಾಲದ ಮೇಲೆ ಕಿರುಬೆರಳು. ಹಿಡಿ ಬೆರಳುಗಳ ಆಚೆಗೆ ತೆರೆದು ನಿಂತಿರುತ್ತದೆ. ಮುಷ್ಟಿ ಬಿಗಿ ಮಾಡಬೇಡಿ. ಒಂದು ವೇಳೆ ಕತ್ತಿ ಕೈಜಾರಿದರೆ ಹಿಡಿಯಲು ಹೋಗದೆ ಕಾಲು ಹಿಂದೆ ತೆಗೆಯಿರಿ.

ಕೋನದ ಬಗ್ಗೆ ಎಲ್ಲರೂ 30 ಡಿಗ್ರಿ ಅನ್ನುತ್ತಾರೆ, ಕನ್ನಡಿಯ ಮುಂದೆ ಅದನ್ನು ಅಳೆಯುವುದು ಹೇಗೆಂದು ಯಾರೂ ಹೇಳುವುದಿಲ್ಲ. ಕತ್ತಿಯನ್ನು ಕೆನ್ನೆಗೆ ಪೂರ್ತಿ ಮಲಗಿಸಿ. ಈಗ ಬೆನ್ನನ್ನು ಮಾತ್ರ ಎತ್ತಿ, ಬೆನ್ನು ಎಷ್ಟು ದಪ್ಪವಿದೆಯೋ ಅಷ್ಟೇ ಸಂದು ಬರಲಿ. 5/8 ಕತ್ತಿಯಲ್ಲಿ ಇದು 30 ಡಿಗ್ರಿಗಿಂತ ತುಸು ಕಡಿಮೆಗೆ ಕೂರುತ್ತದೆ. ಸಂದು ಅದರ ಎರಡರಷ್ಟಾದರೆ ಕೋನ 40 ದಾಟುತ್ತದೆ. ಆಗ ಕತ್ತಿ ಕೂದಲನ್ನು ಬಿಟ್ಟು ಚರ್ಮವನ್ನು ಕೆರೆಯುತ್ತದೆ, ಸಂಜೆಯವರೆಗೆ ಉರಿ. ಸಂದು ತೀರಾ ಕಡಿಮೆಯಾದರೆ ಕೂದಲು ಕತ್ತರಿಸದೆ ಜಗ್ಗುತ್ತದೆ. ಜಗ್ಗಿದ ಕೂಡಲೇ ಒತ್ತಡ ಹೆಚ್ಚಿಸುವುದು ಕೈಯ ಸಹಜ ಗುಣ, ಗಾಯವಾಗುವುದೂ ಆಗಲೇ. ಜಗ್ಗಿದರೆ ನಿಲ್ಲಿಸಿ, ಮೊದಲು ನೊರೆ ನೋಡಿ, ಆಮೇಲೆ ಕೋನ ನೋಡಿ, ಎರಡೂ ಸರಿ ಇದ್ದರೆ ಕತ್ತಿ ಮೊಂಡಾಗಿದೆ.

ಮೊದಲ ಎರಡು ವಾರ ಕೆನ್ನೆ ಮಾತ್ರ. ಉಳಿದದ್ದನ್ನು ಹಳೆಯ ರೇಜರ್‌ನಲ್ಲೇ ಮುಗಿಸಿ. ಬಲಗೆನ್ನೆಗೆ ಬಲಗೈ, ಎಡಗೆನ್ನೆಗೆ ಎಡಗೈ ಎಂದು ಆರಂಭದಲ್ಲೇ ರೂಢಿ ಮಾಡಿಕೊಂಡರೆ ಮುಂದೆ ಕತ್ತು ಸುಲಭ. ಖಾಲಿ ಕೈಯಿಂದ ಸೈಡ್‌ಲಾಕ್‌ನ ಮೇಲಿನ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಕೂದಲು ಮಲಗಿದ ದಿಕ್ಕಿಗೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಎಳೆತ ಕೊಡಿ. ಕತ್ತಿ ಬಾಯಿ ಮುಂದಾಗಿ, ಬಾಯಿಯ ಗೆರೆಗೆ ನೇರ ಲಂಬವಾಗಿಯೇ ಸಾಗಬೇಕು. ಬಾಯಿಯ ಉದ್ದಕ್ಕೆ ಅಡ್ಡಡ್ಡ ಒಂದು ಮಿಲಿಮೀಟರ್ ಜಾರಿದರೂ ಚರ್ಮ ಸೀಳುತ್ತದೆ. ಈ ಕತ್ತಿಯಲ್ಲಿ ಆಗುವ ಆಳವಾದ ಗಾಯಗಳಿಗೆ ಹೆಚ್ಚಾಗಿ ಇದೇ ಕಾರಣ.

ನೊರೆ ಹತ್ತಿದ ಚರ್ಮ ಬೆರಳಿಗೆ ನಿಲ್ಲುವುದಿಲ್ಲ, ಜಾರುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ಪಟಿಕದ ತುಂಡನ್ನು ಒದ್ದೆ ಮಾಡಿ, ಚರ್ಮ ಎಳೆಯುವ ಕೈಯ ಬೆರಳ ತುದಿಗೆ ಉಜ್ಜಿಕೊಳ್ಳಿ. ಹಿಡಿತ ಅಂಟಿದಂತೆ ನಿಲ್ಲುತ್ತದೆ. ಚರ್ಮ ಬಿಗಿಯಾದಷ್ಟೂ ಕತ್ತಿ ಹಗುರವಾಗಿ ಹೋಗುತ್ತದೆ, ಕೌಶಲದ ಅರ್ಧ ಪಾಲು ಕತ್ತಿ ಹಿಡಿಯದ ಕೈಯಲ್ಲೇ ಇದೆ. ದವಡೆಯ ಅಂಚಿನ ಮೇಲೆ ನೇರವಾಗಿ ಕತ್ತಿ ಓಡಿಸಬೇಡಿ. ಕತ್ತಿನ ಚರ್ಮವನ್ನು ಕೆನ್ನೆಯ ಕಡೆಗೆ ಎಳೆದು, ಅಂಚಿನ ಕೂದಲನ್ನು ಸಮತಟ್ಟು ಜಾಗಕ್ಕೆ ತಂದುಕೊಳ್ಳಿ. ಗಲ್ಲಕ್ಕೆ ಒಂದೊಂದೇ ಸೆಂಟಿಮೀಟರ್‌ನ ಎಳೆತ, ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿ ಚರ್ಮ ಬಿಗಿ ಮಾಡಿಕೊಂಡು. ಗಲ್ಲ ಬಾಗಿರುವುದರಿಂದ ಕೈ ಹಾಗೇ ಇದ್ದರೂ ಕೋನ ಬದಲಾಗುತ್ತ ಹೋಗುತ್ತದೆ, ಮಣಿಕಟ್ಟನ್ನು ಜೊತೆಗೇ ತಿರುಗಿಸಬೇಕು. ಗಂಟಲ ಉಬ್ಬಿನ ಮೇಲೆ ಕತ್ತಿ ಬೇಡವೇ ಬೇಡ. ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿ ಅಲ್ಲಿ ತೆಗೆಯಿರಿ. ಮೀಸೆ ಬಿಡುವವರಿಗೆ ಮೇಲ್ತುಟಿಯ ಕಷ್ಟವಿಲ್ಲ, ಉಳಿದವರು ಮೂಗಿನ ತುದಿಯನ್ನು ಮೇಲೆತ್ತಿ ಮೇಲಿಂದ ಕೆಳಕ್ಕೆ ಗಿಡ್ಡ ಎಳೆತದಲ್ಲಿ ಮುಗಿಸಬೇಕು.

ಕತ್ತಿನ ಕೂದಲು ಬಹಳ ಜನರಿಗೆ ಕೆಳಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೋ ಮೇಲಕ್ಕೋ ಬೆಳೆದಿರುತ್ತದೆ. ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ, ಎಲ್ಲಿ ನುಣುಪು ಎಲ್ಲಿ ಮುಳ್ಳು ಎಂದು ಮೊದಲೇ ತಿಳಿದುಕೊಳ್ಳಿ. ಕೂದಲಿನ ದಿಕ್ಕಿಗೆ ಒಂದು ಸುತ್ತು, ಹೊಸ ನೊರೆ ಹಚ್ಚಿ ಅಡ್ಡಕ್ಕೆ ಒಂದು ಸುತ್ತು. ಇದು ಸಾಕು. ಕೂದಲಿಗೆ ಎದುರಾಗಿ ಎಳೆಯುವ ಆಸೆಯನ್ನು ಮೊದಲ ಎರಡು ಮೂರು ತಿಂಗಳು ಬಿಟ್ಟುಬಿಡಿ. ಕೂದಲು ಒಳಗೇ ಬೆಳೆದು ಗುಳ್ಳೆಯಾಗುವುದು ಹೆಚ್ಚಾಗಿ ಅದರಿಂದಲೇ. ಕೊನೆಗೆ ತಣ್ಣೀರು, ಅದೇ ಪಟಿಕದ ತುಂಡನ್ನು ಮುಖದ ಮೇಲೆ ಒಮ್ಮೆ ಆಡಿಸುವುದು. ಎಲ್ಲಿ ಉರಿಯುತ್ತದೋ ಅಲ್ಲಿ ಕೋನ ಅಥವಾ ಒತ್ತಡ ತಪ್ಪಿತ್ತು ಎಂದು ಗುರುತಿಟ್ಟುಕೊಳ್ಳಿ.

ಈಗ ಮಳೆಯ ವಿಷಯ, ಹೊರಗಿನ ವಿಮರ್ಶೆಗಳಲ್ಲಿ ಸಿಗದ ವಿಷಯ. ಇದು ಕಾರ್ಬನ್ ಉಕ್ಕು. ನುಣುಪಾದ ಹರಿತ ಹಿಡಿಯುತ್ತದೆ, ಸುಲಭವಾಗಿ ಮಸೆಯಬಹುದು, ಹಾಗೆಯೇ ಸುಲಭವಾಗಿ ತುಕ್ಕೂ ಹಿಡಿಯುತ್ತದೆ. ಅಲಗಿನ ಮೇಲೆ ಕಂದು ಚುಕ್ಕೆ ಕಾಣುವ ಎಷ್ಟೋ ಮೊದಲೇ ಬಾಯಿ ಕೆಟ್ಟಿರುತ್ತದೆ; ಅಲ್ಲಿ ಉಕ್ಕು ಅಷ್ಟು ತೆಳು, ಕಣ್ಣಿಗೆ ಕಾಣದ ತುಕ್ಕೇ ಸಾಕು. ಆಷಾಢದಲ್ಲಿ ನಿನ್ನೆ ಸರಿ ಇದ್ದ ಕತ್ತಿ ಇವತ್ತು ಜಗ್ಗಿದರೆ ಮೊದಲು ಸಂಶಯ ಪಡಬೇಕಾದದ್ದು ತೇವವನ್ನು.

ಕ್ಷೌರ ಮುಗಿದ ಮೇಲೆ ಹಿಡಿಗೆ ನೀರು ಹೋಗದಂತೆ ಅಲಗನ್ನು ಮಾತ್ರ ಬಿಸಿನೀರಿನಲ್ಲಿ ತೊಳೆಯಿರಿ, ಬಿಸಿಯಾದ ಉಕ್ಕು ಬೇಗ ಆರುತ್ತದೆ. ಹತ್ತಿ ಬಟ್ಟೆಯಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ, ಬಾಯಿಯ ಉದ್ದಕ್ಕೆ ಎಂದೂ ಬೇಡ. ಟಿಶ್ಯೂ ಕಾಗದವನ್ನು ಮಡಚಿ ಹಿಡಿಯ ಎರಡು ಪಟ್ಟಿಗಳ ನಡುವೆ ತೂರಿಸಿ, ಮೊಳೆಯ ಸುತ್ತ ನಿಂತ ನೀರನ್ನು ಹೀರಿಸಿ. ಕಲೆ ಮೊದಲು ಹತ್ತುವುದು ಅಲ್ಲೇ. ಬಟ್ಟೆಯ ಪಟ್ಟಿಯ ಮೇಲೆ ಹತ್ತು ಸಲ ಎಳೆದರೆ ಬಾಯಿಯ ಕೊನೆಯ ತೇವವೂ ಹೋಗುತ್ತದೆ. ಆಮೇಲೆ ಎಣ್ಣೆ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಚ್ಚಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಮಡಿಕೇರಿಯ ಬೆಳಗಿನಲ್ಲಿ ಹರಡುವುದೇ ಇಲ್ಲ. ದಿನ ಕಳೆದಂತೆ ಕಮಟಿ ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸಾಕು. ಕೋವಿ ಇರುವ ಮನೆಗಳಲ್ಲಿ ಅದಕ್ಕೆ ಹಚ್ಚುವ ತೆಳು ಎಣ್ಣೆಯೂ ಆಗುತ್ತದೆ. ಎರಡರಲ್ಲಿ ಯಾವುದನ್ನು ಹಚ್ಚಿದರೂ ಮರುದಿನ ಅಲಗನ್ನು ಸೋಪು ಹಚ್ಚಿ ತೊಳೆದು, ಒರೆಸಿ, ಆಮೇಲೆ ಚರ್ಮದ ಪಟ್ಟಿಗೆ ಹಾಕಬೇಕು. ಎಣ್ಣೆ ಸೇರಿದ ಪಟ್ಟಿ ಎಳೆತವನ್ನು ಕಳೆದುಕೊಳ್ಳುತ್ತದೆ.

ಕತ್ತಿಯನ್ನು ಬಚ್ಚಲು ಮನೆಯಲ್ಲಿ ಇಡಬೇಡಿ, ಚರ್ಮದ ಚೀಲದಲ್ಲೂ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ, ಡಬ್ಬಿ ಮಲಗುವ ಕೋಣೆಯ ಬೀರುವಿನಲ್ಲಿ. ಮಳೆಗಾಲದಲ್ಲಿ ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬದಲಿಸಿ. ಬೆಲ್ಟು, ಬೂಟಿಗೆ ಬರುವ ಬೂಷ್ಟು ಪಟ್ಟಿಗೂ ಬರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವಲ್ಲಿ ನೇತುಹಾಕಿ. ಒಲೆಯ ಮೇಲೆ ಕಟ್ಟಿದರೆ ಬೂಷ್ಟು ಹೋಗುತ್ತದೆ, ಚರ್ಮ ಮುರಟುತ್ತದೆ. ತುಕ್ಕಿನ ಚುಕ್ಕೆ ಮೇಲ್ಮೈಯಲ್ಲೇ ಇದ್ದರೆ ಹತ್ತಿಯಲ್ಲಿ ಸ್ವಲ್ಪ ಬ್ರಾಸೋ ತೆಗೆದುಕೊಂಡು ಬೆನ್ನಿನಿಂದ ಬಾಯಿಯ ಕಡೆಗೆ ಉಜ್ಜಿ, ಬಾಯಿಯನ್ನು ಮುಟ್ಟದೆ, ಕೊನೆಗೆ ಸೋಪಿನಲ್ಲಿ ತೊಳೆಯಿರಿ. ಚುಕ್ಕೆ ಗುಳಿಯಾಗಿ ಬಾಯಿಯವರೆಗೆ ಇಳಿದಿದ್ದರೆ ಮಸೆಯದೆ ಬೇರೆ ದಾರಿಯಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ಮನೆಯ ಆಯುಧಗಳನ್ನೆಲ್ಲ ಇಳಿಸಿ ಒರೆಸುವಾಗ ಇದನ್ನೂ ಹೊರತೆಗೆದು ಮೊಳೆ, ಹಿಡಿಯ ಒಳಬದಿ ಎಲ್ಲ ಪರೀಕ್ಷಿಸಿ. ಮಳೆ ತಗ್ಗುವ ಹೊತ್ತು, ಸಮಯವೂ ಸರಿಯಾಗಿ ಹೊಂದುತ್ತದೆ.

ವಾರಕ್ಕೊಂದು ಸಲ ಮಾತ್ರ ಗಡ್ಡ ತೆಗೆಯುವವರು, ಮಳೆಗಾಲದಲ್ಲಿ ಮನೆ ಬೀಗ ಹಾಕಿ ಊರು ಬಿಡುವವರು ಸ್ಟೇನ್‌ಲೆಸ್ ಉಕ್ಕಿನದನ್ನು ನೋಡಬಹುದು. ಮಸೆಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ತೇವವನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಗೆ ಕಾರ್ಬನ್ ಉಕ್ಕೇ ಇರಲಿ.

ದಿನವೂ ಬಳಸಿದರೆ ಆರೆಂಟು ವಾರಕ್ಕೊಮ್ಮೆ ಪಟ್ಟಿಯಿಂದ ಹರಿತ ಮರಳಿ ಬಾರದ ದಿನ ಬರುತ್ತದೆ. ಆಗ 12000 ನಂಬರಿನ, ಬಹಳ ನುಣುಪಾದ ಕಲ್ಲು ಸಾಕು. ನಾನಿವಾ ಕಂಪನಿಯ 12000 ಒಳ್ಳೆಯದು. ನೀರಲ್ಲಿ ನೆನೆಸಿಡಬಾರದು, ಮೇಲೆ ಚಿಮುಕಿಸಿದರೆ ಆಯಿತು. ಕಲ್ಲು ಸಪಾಟಾಗಿರುವುದು ಮುಖ್ಯ. ಪೆನ್ಸಿಲ್‌ನಲ್ಲಿ ಚೌಕಳಿ ಗೆರೆ ಎಳೆದು, ಗಾಜಿನ ಹಾಳೆಯ ಮೇಲೆ ಒದ್ದೆ 400 ನಂಬರಿನ ಉಪ್ಪುಕಾಗದ ಹಾಸಿ, ಗೆರೆಗಳೆಲ್ಲ ಅಳಿಯುವವರೆಗೆ ಕಲ್ಲನ್ನು ಉಜ್ಜಿ. ಪಟ್ಟಿಗೆ ತಿರುವುಮುರುವಾಗಿ ಇಲ್ಲಿ ಬಾಯಿ ಮುಂದೆ. ಬೆನ್ನೂ ಬಾಯಿಯೂ ಕಲ್ಲಿಗೆ ತಾಗಿದ್ದರೆ ಕೋನವನ್ನು ಕತ್ತಿಯೇ ನೋಡಿಕೊಳ್ಳುತ್ತದೆ, ಬೆನ್ನಿನ ದಪ್ಪ ಇರುವುದೇ ಅದಕ್ಕಾಗಿ. ಬುಡದಿಂದ ತುದಿಗೆ ಓರೆಯಾಗಿ ಸರಿಸುತ್ತ 15ರಿಂದ 20 ಸಲ, ಕತ್ತಿಯ ತೂಕಕ್ಕಿಂತ ಹೆಚ್ಚು ಒತ್ತದೆ. ಕಲ್ಲಿನ ಮೇಲಿನ ನೀರು ಬಾಯಿಯ ಉದ್ದಕ್ಕೂ ಒಂದೇ ಸಮ ಅಲಗಿನ ಮೇಲೇರಿ ಬರುತ್ತಿದ್ದರೆ ಎಲ್ಲ ಕಡೆ ತಾಗುತ್ತಿದೆ ಎಂದರ್ಥ. ಎಲ್ಲಾದರೂ ನೀರು ಏರದೆ ಅಲಗಿನ ಅಡಿಯಿಂದ ನುಸುಳಿದರೆ ಅಲ್ಲಿ ಬಾಯಿ ತಾಗುತ್ತಿಲ್ಲ. ಇದಕ್ಕಿಂತ ಒರಟಾದ 1000 ನಂಬರಿನ ಕಲ್ಲು ಬೇಕಾಗುವುದು ಬಾಯಿ ಮುರಿದಾಗ ಮಾತ್ರ.

ಸಲೂನುಗಳಲ್ಲಿ ಕಾಣುವ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯೇ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಸಲೂನಿಗೆ ಅದೇ ಸರಿ. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬಳಸಿದರೆ ರಕ್ತದ ಮೂಲಕ ಹೆಪಟೈಟಿಸ್ ಹರಡಬಹುದು, ಆದ್ದರಿಂದ ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಲೇಬೇಕು. ಸೋಲಿಂಗೆನ್ ಕತ್ತಿಯನ್ನೂ ಮನೆಯಲ್ಲಿ ಅಣ್ಣತಮ್ಮಂದಿರು ಹಂಚಿಕೊಳ್ಳಬಾರದು. ಮನೆ ಬಳಕೆಗೆ ಬ್ಲೇಡಿನ ಕತ್ತಿ ಹಗುರ, ಬಾಯಿ ಗಡಸು, ಕೋನ ಸ್ವಲ್ಪ ತಪ್ಪಿದರೂ ಕಚ್ಚುತ್ತದೆ. ಪಟ್ಟಿ, ಕಲ್ಲು, ಎಣ್ಣೆ ಯಾವುದೂ ಬೇಡ ಎಂಬುದೊಂದೇ ಅದರ ಲಾಭ. ಊರಿಗೆ ಹೋಗುವಾಗ ಚೀಲಕ್ಕೆ ಹಾಕಿಕೊಳ್ಳಲು ಅದು ಇರಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಕೈ ನಡುಗುವವರು, ಮುಖದ ತುಂಬ ಮೊಡವೆ ಇರುವವರು ಮಾತ್ರ ಎರಡನ್ನೂ ಬಿಟ್ಟು ಸೇಫ್ಟಿ ರೇಜರ್‌ನಲ್ಲೇ ಮುಂದುವರಿಯಿರಿ.